ಸಾಮಾನು ನೋಡ್ಕೊಂತಿರು

ಹಂಪಿಗೆ ಎಷ್ಟು ಸಲ ಹೋಗಿದ್ದೀರಿ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೊಸಪೇಟೆಗೆ ಸೊಸೆಯಾಗಿ ಬಂದವಳು ಹಂಪಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಬೀಗರು ಬಂದರೆ ಹಂಪಿ, ರಜೆ ಬಂದರೆ ಹಂಪಿ, ಮನೆಯಲ್ಲಿ ಟಿವಿ ಕೆಟ್ಟರೂ ಹಂಪಿ. ಆದರೆ ಹಂಪಿ ನೋಡಿದ್ದೀರಾ ಎಂದು ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ. ನಾನು ನೋಡಿದ್ದು ಸಾಮಾನು.

ಇದರಲ್ಲಿ ಒಗಟೇನೂ ಇಲ್ಲ. ನಾವು ಎಲ್ಲಿಗೆ ತಿರುಗಾಡಲು ಹೋದರೂ ಇಳಿದ ಕೂಡಲೇ ನನ್ನ ಗಂಡ ಒಂದು ಮಾತು ಹೇಳುತ್ತಾರೆ. "ನೀ ಇಲ್ಲೇ ಸಾಮಾನು ನೋಡ್ಕೊಂತಿರು, ನಾವು ಹಿಂಗ ನೋಡ್ಕೊಂಡು ಹಂಗ ಬಂದ್ವಿ." ಒಂದೇ ಮಾತಿನಲ್ಲಿ ಎರಡು ನೋಡುವುದು. ಒಂದು ಅವರ ಪಾಲಿಗೆ, ಒಂದು ನನ್ನ ಪಾಲಿಗೆ. ಇಂಥ ಅನ್ಯಾಯಕ್ಕೆ ಕನ್ನಡ ಭಾಷೆ ಇಷ್ಟೊಂದು ಅನುಕೂಲ ಮಾಡಿಕೊಡಬಾರದಿತ್ತು.

ನನ್ನ ತವರು ಕಂಪ್ಲಿ. ಅಲ್ಲಿ ಅಪ್ಪ ಸಂಜೆ ರೈಸ್ ಮಿಲ್ಲಿನಿಂದ ಬಂದು "ಹೊಳಿ ದಂಡಿಗೆ ಹೋಗೋಣ ಬಾ" ಅಂದರೆ ಹೆಗಲ ಮೇಲಿನ ಟವೆಲ್ ಬಿಟ್ಟು ಬೇರೆ ಸಾಮಾನು ಇರುತ್ತಿರಲಿಲ್ಲ. ಬಂಡೆಯ ಮೇಲೆ ಕೂತು, ಕಾಲು ನೀರಿಗೆ ಬಿಟ್ಟು, ಪೇರಲಹಣ್ಣು ಕಚ್ಚುತ್ತ ಹೊಳೆ ನೋಡುತ್ತಿದ್ದೆವು. ಮನೆಗೆ ಬಂದಮೇಲೆ ಏನು ಮಾಡಿ ಬಂದಿರಿ ಎಂದು ಅವ್ವ ಕೇಳಿದರೆ "ಏನಿಲ್ಲ, ಸುಮ್ನ" ಅನ್ನುತ್ತಿದ್ದೆವು. ತಿರುಗಾಟ ಎಂದರೆ ಅಷ್ಟೇ ಎಂದು ನಾನು ತಿಳಿದಿದ್ದೆ.

ಈ ಮನುಷ್ಯ ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು, ಅಡುಗೆ ಬರುತ್ತದೆಯೇ, ಎಷ್ಟು ಓದಿದ್ದೀರಿ ಎಂದೆಲ್ಲ ಕೇಳಿ ಮುಗಿದ ಮೇಲೆ, "ಹಂಪಿ ಮತಂಗ ಬೆಟ್ಟ ಹತ್ತೀರೇನ್ರಿ? ಮ್ಯಾಲಿಂದ ಸೂರ್ಯ ಮುಳುಗೋದು ನೋಡಬೇಕ್ರಿ. ನಾ ತೋರಸ್ತೀನಿ" ಅಂದಿದ್ದರು. ಆ ಮಾತಿಗಾಗಿಯೇ ಮದುವೆಗೆ ಒಪ್ಪಿದೆ ಅಂದರೆ ಸುಳ್ಳಾದೀತು. ಒಪ್ಪುತ್ತೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಗುರುತಿಲ್ಲದ ಮನೆಗೆ ಹೋಗುವವಳಿಗೆ ಎದುರು ನೋಡಲು ಏನಾದರೊಂದು ಬೇಕಲ್ಲ.

ಮದುವೆಯಾದ ಹೊಸದರಲ್ಲಿ ಕರೆದುಕೊಂಡು ಹೋದರು. ಇಬ್ಬರೇ ಅಲ್ಲ, ಮನೆಮಂದಿಯೆಲ್ಲ. ಬುತ್ತಿಗಂಟು, ನೀರಿನ ಕ್ಯಾನು, ಚಾಪೆ, ಎಲ್ಲವೂ ಬಸ್ಸಿನಲ್ಲಿ ಬಂದವು. ಬೆಟ್ಟದ ಬುಡಕ್ಕೆ ಬಂದಾಗ ಅತ್ತೆ ಗಂಟನ್ನು ನನ್ನ ಮಡಿಲಿಗೆ ಇಟ್ಟು, "ಇಷ್ಟು ವರ್ಷ ನಾ ನೋಡ್ಕೊಂಡೀನಿ, ಇನ್ನ ನೀ ನೋಡ್ಕೋವಾ" ಅಂದರು. ಆಮೇಲೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬೆಟ್ಟ ಹತ್ತಿದರು. ಬೆಳಗ್ಗೆ ತಾನೇ ಮಂಡಿನೋವೆಂದು ನನ್ನ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡಿದ್ದ ಹೆಂಗಸು ಆಡಿನ ಹಾಗೆ ಹತ್ತಿ ಹೋದದ್ದನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ಹೋಗಲಿ, ಮುಂದಿನ ಸಲ ಹತ್ತಿದರಾಯಿತು ಅಂದುಕೊಂಡೆ. ಆ ಮುಂದಿನ ಸಲಕ್ಕೆ ಮೂವತ್ತು ವರ್ಷ ಹಿಡಿಯಿತು.

ಇಷ್ಟು ವರ್ಷ ಇವರು ಏನು ನೋಡಿದರು ಎಂದು ನನಗೂ ಗೊತ್ತಿದೆ. ಕೂತವರ ಕಿವಿಯೇನು ಮುಚ್ಚಿರುವುದಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಹಂಪಿಗೆ ಕಾಲಿಟ್ಟ ಕೂಡಲೇ ನನ್ನ ಮೈದುನ ಗೈಡ್ ಆಗುತ್ತಾನೆ. ಸಿಮೆಂಟ್ ಅಂಗಡಿ ಇಟ್ಟುಕೊಂಡವನು. ನೀರು ನಿಂತ ಹೊಂಡ ಕಂಡರೆ "ರಾಣಿಯರು ಜಳಕ ಮಾಡ್ತಿದ್ದ ಜಾಗ ಇದು" ಅನ್ನುತ್ತಾನೆ. ಎತ್ತರದ ಕಟ್ಟೆ ಕಂಡರೆ ಅದು ರಾಜ ಕೂಡುತ್ತಿದ್ದ ಜಾಗ. ಒಮ್ಮೆ ಕಮಲಾಪುರದ ದಾರಿಯಲ್ಲಿ ಬಾಳೆತೋಟದೊಳಗಿನ ಪಂಪ್‌ಸೆಟ್ ಮನೆಯನ್ನೂ ಖಜಾನೆ ಎಂದು ಬೀಗರಿಗೆ ತೋರಿಸಿದ್ದ. ಅವರೂ ಕೈಮುಗಿದು ಫೋಟೋ ತೆಗೆದುಕೊಂಡರು. ಅವನ ಹೆಂಡತಿ ಬುದ್ಧಿವಂತೆ. ಭಾನುವಾರ ಬಂತೆಂದರೆ ಅವಳಿಗೆ ತಲೆನೋವು, ಮನೆ ಬಿಟ್ಟು ಹೊರಡುವುದಿಲ್ಲ.

ಫೋಟೋ ವಿಷಯ ಕೇಳಲೇಬೇಡಿ. ಕಲ್ಲಿನ ರಥದ ಮುಂದೆ ನಿಂತರೂ ಅದಕ್ಕೆ ಬೆನ್ನು, ಹೊಳೆಯ ಮುಂದೆ ನಿಂತರೂ ಅದಕ್ಕೆ ಬೆನ್ನು. ಮುಖವೆಲ್ಲ ಮೊಬೈಲ್ ಕಡೆಗೆ. ಆ ರಥಕ್ಕೆ ಜೀವವಿದ್ದಿದ್ದರೆ ನಮ್ಮ ಮನೆಯವರನ್ನು ಬೆನ್ನಿನಿಂದಲೇ ಗುರುತು ಹಿಡಿಯುತ್ತಿತ್ತು. ದರೋಜಿಗೆ ಕರಡಿ ನೋಡಲು ಹೋದಾಗ ಇವರೆಲ್ಲ ಕರಡಿ ನೋಡುವ ಗೋಪುರ ಹತ್ತಿದರು, ನಾನು ಕೆಳಗೆ ಗಾಡಿಯ ಹತ್ತಿರ ಉಳಿದೆ. ಕತ್ತಲಾಗುವ ಹೊತ್ತಿಗೆ ಕರಿ ಚುಕ್ಕೆಯೊಂದರ ಫೋಟೋ ಹಿಡಿದು ಇಳಿದು ಬಂದರು. ಅದು ಕರಡಿಯೋ ಬಂಡೆಯೋ ಎಂದು ದಾರಿಯುದ್ದಕ್ಕೂ ಜಗಳ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಮೈದುನನ ಹೆಬ್ಬೆರಳು. ಸಂಡೂರಿನ ಗುಡ್ಡ ಮಳೆಗಾಲದಲ್ಲಿ ಕಣ್ಣು ತಂಪಾಗುವಷ್ಟು ಹಸಿರಾಗುತ್ತದಂತೆ. ನನಗೆ ಗೊತ್ತಿರುವುದು ಕಾರಿನ ಗಾಜಿಗೆ ಹತ್ತಿದ ಮಬ್ಬು, ಮತ್ತು ಹೊರಗೆ ಇವರು ಹಚ್ಚಿದ್ದ ಸ್ಪೀಕರಿನ ಗದ್ದಲ.

ನಿಜವಾಗಿ ಇವರು ನೋಡುವುದು ಒಂದನ್ನೇ, ಬುತ್ತಿಗಂಟನ್ನು. ಅದಕ್ಕೆ ನಾನು ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯಬೇಕು, ಶೇಂಗಾ ಚಟ್ನಿ ಕುಟ್ಟಬೇಕು, ಮೊಸರನ್ನ ಕಲಸಬೇಕು. ಇಷ್ಟಾದಮೇಲೂ ದಾರಿಯಲ್ಲಿ ಒಗ್ಗಾಣಿ-ಮಿರ್ಚಿ ಅಂಗಡಿ ಕಂಡರೆ ಗಾಡಿ ತಾನೇ ನಿಲ್ಲುತ್ತದೆ. ಬಿಸಿ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿಗೆ ನಾನೂ ಬೇಡ ಅನ್ನುವುದಿಲ್ಲ, ಅದು ಬೇರೆ ಮಾತು. ಆದರೆ ಮಿರ್ಚಿ ತಿನ್ನಲು ಹಂಪಿಯವರೆಗೆ ಹೋಗಬೇಕಾಗಿಲ್ಲ.

ಕಾರು ಬಂದಾಗ ನನಗೆ ಬಿಡುಗಡೆಯಾಯಿತು ಎಂದು ಸಂಭ್ರಮಪಟ್ಟೆ. ಸಾಮಾನು ಒಳಗಿಟ್ಟು ಬೀಗ ಹಾಕಿದರೆ ಮುಗಿಯಿತಲ್ಲ. ಅದೆಲ್ಲಿ? "ಒಳಗಿಟ್ರ ಅನ್ನ ಹಳಸ್ತತಿ" ಅಂದರು ಗಂಡ. "ಗ್ಲಾಸ್ ಒಡದು ಒಯ್ತಾರ್ರಿ ಅತ್ತಿಗಿ" ಅಂದ ಮೈದುನ. ಮೊದಲು ಮೂರಿದ್ದ ಚೀಲ ಕಾರು ಬಂದಮೇಲೆ ಐದಾದವು. ಐಸ್ ಡಬ್ಬಿಯ ಚೀಲ, ಸ್ಪೀಕರಿನ ಚೀಲ ಹೊಸದಾಗಿ ಸೇರಿದವು. ನಾನು ಒಂದು ಚೀಲದ ಪಟ್ಟಿಯನ್ನು ಪಾದಕ್ಕೆ ಸುತ್ತಿಕೊಂಡು, ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು, ಕೈಯಲ್ಲಿ ಒಂದು ಕಲ್ಲು ಹಿಡಿದು ಕೂಡುತ್ತಿದ್ದೆ. ಕಲ್ಲು ಕೋತಿಗಳಿಗೆ. ಹಂಪಿಯ ಕೋತಿಗಳಿಗೆ ನನ್ನ ಮುಖ ಚೆನ್ನಾಗಿ ಪರಿಚಯ. ನನ್ನ ಗಂಡನಿಗಿಂತ ಹೆಚ್ಚು ಹೊತ್ತು ಅವೇ ನನ್ನನ್ನು ನೋಡಿವೆ.

ನಾನೂ ಹತ್ತುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳಿದ್ದೇನೆ. "ಏನೈತಿ ಅಲ್ಲಿ? ಬರೇ ಕಲ್ಲು" ಅನ್ನುತ್ತಿದ್ದರು. ಬರೇ ಕಲ್ಲು ನೋಡಲು ವರ್ಷಕ್ಕೆ ಹತ್ತು ಸಲ ಯಾಕೆ ಹೋಗುತ್ತೀರಿ ಎಂದು ಕೇಳಿದರೆ "ನಿನಗ ತಿಳಿಯಂಗಿಲ್ಲ ಬಿಡು" ಅನ್ನುತ್ತಿದ್ದರು. ಅದೂ ನಿಜವೇ. ನನಗೆ ಇವತ್ತಿಗೂ ತಿಳಿದಿಲ್ಲ.

ಈಚೆಗೆ ನನ್ನ ಮೊಣಕಾಲು ಕೈಕೊಟ್ಟಿದೆ. ಮನೆಯ ಮಹಡಿ ಹತ್ತುವಾಗಲೂ ಗೋಡೆ ಹಿಡಿಯಬೇಕು. ಡಾಕ್ಟರು ಮೆಟ್ಟಿಲು ಕಡಿಮೆ ಮಾಡಿ ಅಂದಿದ್ದಾರೆ. ಇನ್ನೊಂದು ವರ್ಷ ಕಳೆದರೆ ಮತಂಗ ಬೆಟ್ಟವನ್ನು ಕ್ಯಾಲೆಂಡರಿನಲ್ಲೇ ನೋಡಬೇಕು ಎನ್ನುವುದು ನನಗೆ ಗೊತ್ತಿತ್ತು. ಆ ಬೆಟ್ಟ ಹತ್ತದೆ ಸತ್ತರೆ ನನ್ನ ಗಂಡನ ಮೇಲಿನ ಸಿಟ್ಟು ನನ್ನ ಜೊತೆಗೇ ಬರುತ್ತದೆ ಎನ್ನುವುದೂ ಗೊತ್ತಿತ್ತು.

ಅಷ್ಟರಲ್ಲಿ ಮಗನ ಮದುವೆಯಾಯಿತು. ಹುಡುಗಿ ಸಂಡೂರಿನವಳು. ತೋರಣಗಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಶಿಫ್ಟ್ ಕೆಲಸ, ಹೋಗಿಬರುವುದು ಕಂಪನಿ ಬಸ್ಸಿನಲ್ಲಿ. ಮಾತು ಕಡಿಮೆ, ಕೆಲಸ ಚುರುಕು. ಹೋದ ಚಳಿಗಾಲದಲ್ಲಿ ಅವಳಿಗೆ ರಜೆ ಸಿಕ್ಕ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಹೊರಟೆವು. ಗಂಡ, ಮೈದುನ, ಮಗ, ಸೊಸೆ, ನಾನು. ಐದು ಜನ, ಐದು ಚೀಲ. ಬೆಟ್ಟದ ಬುಡದಲ್ಲಿ ಉಂಡು ಕೈತೊಳೆದ ಮೇಲೆ ನನ್ನ ಗಂಡ ಭಾಷಣಕ್ಕೆ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡರು.

"ಇವತ್ತಿಂದ ನೀ ರಿಟೈರ್" ಅಂದರು ನನಗೆ. "ಸೊಸಿ ಬಂದಾಳ, ಇನ್ನ ಆಕಿ ನೋಡ್ಕೊಂತಾಳ."

"ಚಾರ್ಜ್ ಕೊಟ್ಟುಬಿಡ್ರಿ ಅತ್ತಿಗಿ" ಎಂದು ಮೈದುನ ಚಪ್ಪಾಳೆ ತಟ್ಟಿದ. ಮಗನೂ ನಕ್ಕ.

"ಹೋಗ್ರಿ ಅತ್ತಿ, ನಾ ನೋಡ್ಕೊಂತೀನಿ" ಅಂದಳು ಹುಡುಗಿ.

ಒಳಗೊಳಗೇ ನನಗೆ ಭಾಳ ಖುಷಿಯಾಯಿತು. ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆ! ಬೇಡವ್ವಾ ಎಂದು ಬಾಯಿಮಾತಿಗೂ ಅನ್ನದೆ ನೆರಿಗೆ ಎತ್ತಿ ಸಿಕ್ಕಿಸಿ ನಾಲ್ಕು ಮೆಟ್ಟಿಲು ಹತ್ತಿಯೂಬಿಟ್ಟೆ. ಆಮೇಲೆ ಯಾಕೋ ತಿರುಗಿ ನೋಡಿದೆ. ಹುಡುಗಿ ಬಂಡೆಯ ಮೇಲೆ ಕೂತು ಚೀಲದ ಪಟ್ಟಿಯನ್ನು ಪಾದಕ್ಕೆ ಸುತ್ತಿಕೊಳ್ಳುತ್ತಿದ್ದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವಾರವೆಲ್ಲ ಶಿಫ್ಟ್ ಮಾಡಿ ಒಂದು ದಿನ ಹೊರಗೆ ಬಂದ ಹುಡುಗಿ, ನಾಳೆಯಿಂದ ನಾನಾಗಲು ಎಷ್ಟು ಸಲೀಸಾಗಿ ಕೂತುಬಿಟ್ಟಿದ್ದಳು. ನನ್ನ ನೆತ್ತಿಗೆ ರಕ್ತ ಏರಿತು.

"ಏಳ ಮ್ಯಾಲ!" ಎಂದು ಕೂಗಿದೆ. ಅವಳು ಗಾಬರಿಯಾಗಿ ಎದ್ದಳು. "ನೀನೂ ಬಾ. ಯಾರೂ ಕುಂದ್ರೋದು ಬ್ಯಾಡ."

"ಮತ್ತ ಸಾಮಾನು?" ಅಂದರು ಗಂಡ. ಹೆಂಡತಿಯನ್ನು ಮರೆತರೂ ಅದನ್ನು ಮರೆಯುವವರಲ್ಲ.

"ಐದು ಮಂದಿ ಅದೀವಿ, ಐದು ಚೀಲ ಅದಾವ. ಒಬ್ಬೊಬ್ಬರು ಒಂದೊಂದು ಹೊತ್ಕೊಂಡು ಹತ್ತೋಣು."

ಮೂವರೂ ಚೀಲಗಳನ್ನು ನೋಡಿದರು, ಬೆಟ್ಟ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಮೈದುನ ಚಾಪೆ ಬಿಚ್ಚಿದ. "ಹೊತ್ಕೊಂಡು ಯಾರು ಹತ್ತಬೇಕ್ರಿ? ನಾ ಭಾಳ ಸಲ ನೋಡೀನಿ ಬಿಡ್ರಿ" ಅಂದ. ಉಂಡದ್ದು ಭಾರ ಆಗಿದೆ ಎಂದು ಗಂಡ ಹೊಟ್ಟೆ ಸವರಿಕೊಂಡರು. "ಇಲ್ಲಿ ನೆಟ್‌ವರ್ಕ್ ಚಲೋ ಐತಿ" ಅಂದ ಮಗ, ಮೊಬೈಲಿನಿಂದ ತಲೆ ಎತ್ತದೆ. ಹಂಪಿ ಎಂದರೆ ಪ್ರಾಣ ಬಿಡುತ್ತೇವೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಗಂಡಸರು! ಒಂದು ಚೀಲದ ಭಾರಕ್ಕೆ ಇವರ ಪ್ರೇಮ ನೆಲ ಕಚ್ಚಿತು. ನನಗೆ ನಗು ಬಂತು, ಹೇಸಿಗೆಯೂ ಆಯಿತು. ಇವರು ನೋಡಲಿ ಎಂದು ನಾನು ಇಷ್ಟು ವರ್ಷ ಕೂತಿದ್ದೆನಲ್ಲ!

ಐದೂ ಚೀಲ, ಮೂವರೂ ಗಂಡಸರು ಅಲ್ಲೇ ಉಳಿದರು. ಅತ್ತೆ ಸೊಸೆ ಇಬ್ಬರೇ ಹತ್ತಿದೆವು. ಮೆಟ್ಟಿಲು ಒಂದು ಗೇಣಿನದಾದರೆ ಇನ್ನೊಂದು ಮೊಣಕಾಲೆತ್ತರದ್ದು. ಹುಡುಗಿ ಒಂದು ಮೆಟ್ಟಿಲು ಮೇಲೆ ನಿಂತು ಕೈಹಿಡಿದು ಎಳೆಯುವಳು, ನಾನು ಅಯ್ಯಪ್ಪ ಎಂದು ಕೂಡುವೆನು. ಹೊತ್ತು ಇಳಿಯುತ್ತಿತ್ತು. "ಜಲ್ದಿ ಹೋಗೋಣ್ರಿ ಅತ್ತಿ, ಇನ್ನ ಸ್ವಲ್ಪ ಹೊತ್ತಿಗೆ ಮುಳುಗ್ತಾನ" ಅಂದಳು. ಕೊನೆಯ ಭಾಗವನ್ನು ನಾಚಿಕೆ ಬಿಟ್ಟು ಕೈಕಾಲು ಎರಡನ್ನೂ ಊರಿಕೊಂಡು ಏರಿದೆ. ಮಂಡಿಯೊಳಗೆ ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು.

ಮೇಲೆ ವೀರಭದ್ರನ ಗುಡಿಯ ಹತ್ತಿರ ಜೋರು ಗಾಳಿ. ನಾವು ಮುಟ್ಟಿದಾಗ ಸೂರ್ಯ ಇನ್ನೂ ಇದ್ದ, ಕೆಂಪಗೆ, ಗುಡ್ಡದ ಅಂಚಿಗೆ ತಾಗಿಕೊಂಡು. ಹುಡುಗಿ ಓಡಿಹೋಗಿ ಅಂಚಿನ ಬಂಡೆಯ ಮೇಲೆ ನಿಂತಳು. ನಾನೂ ಅವಳ ಹಿಂದೆ ಹೋಗಿ ನಿಂತೆ, ಉಸಿರು ಬಿಟ್ಟೆ, ಕೆಳಗೆ ನೋಡಿದೆ. ಯಾಕೆ ಕೆಳಗೆ ನೋಡಿದೆನೋ ನನಗೇ ತಿಳಿಯದು. ಓದಲು ಕನ್ನಡಕ ಬೇಕಾದರೂ ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ. ರಸ್ತೆ ಪಕ್ಕದ ಬಂಡೆ, ಚಾಪೆ, ಅದರ ಮೇಲೆ ಮಲಗಿದ ಮೂವರು. ಪಕ್ಕದಲ್ಲಿ ಕೆಂಪು ಚೀಲ, ನೀಲಿ ಚೀಲ, ಐಸ್ ಡಬ್ಬಿಯದು, ಸ್ಪೀಕರಿನದು. ನಾಲ್ಕೇ. ಬುತ್ತಿಯ ಹಳದಿ ಚೀಲ ಎಲ್ಲಿ? ಕೋತಿ ಒಯ್ದಿತೇ? ಬಂಡೆಯ ಆಚೆ ಹುಡುಕಿದೆ, ಈಚೆ ಹುಡುಕಿದೆ, ಗಿಡದ ಬುಡ ನೋಡಿದೆ. ಅಷ್ಟರಲ್ಲಿ ಮೈದುನ ಮಗ್ಗುಲು ಬದಲಿಸಿದ. ಅವನ ತಲೆಯ ಕೆಳಗೆ ಹಳದಿ ಬಣ್ಣ ಕಂಡಿತು.

ಸಮಾಧಾನವಾಗಿ ತಲೆ ಎತ್ತಿದೆ. ಗುಡ್ಡದ ಮೇಲೆ ಬರೀ ಕೆಂಪು ಉಳಿದಿತ್ತು. ಸೂರ್ಯ ಇರಲಿಲ್ಲ.

ಹುಡುಗಿ ನನ್ನ ಕಡೆ ತಿರುಗಿದಳು. ಮುಖವೆಲ್ಲ ಅರಳಿತ್ತು. "ನೋಡಿದ್ರಿಲ್ರಿ, ಅತ್ತಿ?" ಅಂದಳು.

"ನೋಡಿದೆ" ಅಂದೆ. "ಐದೂ ಅದಾವ."