ಮಾಯಬಾರದ ಬರೆ

ಕೋಣನಕುಂಟೆಯ ಬೈರಮ್ಮನಿಗೆ ಹಟ ಅಂದರೆ ಹಟ. ಹೊಲ ಮಾರಿದ ಮೇಲೆ ಮಗಳು ಕಮಲಿಯನ್ನು ಜಯನಗರದ ಇಂಗ್ಲಿಷ್ ಸ್ಕೂಲಿಗೇ ಹಾಕಬೇಕೆಂದು ಗಂಡ ತಿಮ್ಮರಾಯಪ್ಪನ ತಲೆ ತಿಂದು, ಹಾಕಿಸಿಯೇ ಬಿಟ್ಟಳು. ಅದು ಎಪ್ಪತ್ತೆಂಟನೇ ಇಸವಿ. ತಾನಂತೂ ಸಗಣಿ ಬಾಚಿದ್ದಾಯಿತು, ಮಗಳಾದರೂ ಟೀಚರಮ್ಮ ಆಗಲಿ ಎಂಬ ಒಂದೇ ಆಸೆ ಅವಳದು.

ಆದರೆ ಬೆಳಗ್ಗೆ ಯೂನಿಫಾರಂ ಕೈಗೆತ್ತಿಕೊಂಡರೆ ಸಾಕು, ಕಮಲಿಗೆ ಹೊಟ್ಟೆನೋವು. ತಿಂದದ್ದೆಲ್ಲ ವಾಂತಿ. ಭಾನುವಾರ ಮಾತ್ರ ನೋವಿನ ಸುಳಿವೇ ಇಲ್ಲ. ಬೇರೆ ಯಾರಿಗಾದರೂ ಅಷ್ಟಕ್ಕೇ ತಿಳಿಯುತ್ತಿತ್ತೇನೋ. ಬೈರಮ್ಮ ಮಾತ್ರ, ಭಾನುವಾರ ಮನೆದೇವರ ವಾರ, ಅವನು ಕಾಯುತ್ತಾನೆ, ಉಳಿದ ದಿನ ಯಾವುದೋ ಗಾಳಿ ಮೆಟ್ಟಿಕೊಳ್ಳುತ್ತದೆ ಎಂದುಕೊಂಡಳು. ದೃಷ್ಟಿ ತೆಗೆದಳು. ಮಸೀದಿಯ ಮುಂದೆ ನಿಂತು, ನಮಾಜು ಮುಗಿಸಿ ಬಂದವರಿಂದ ಮಗಳ ಮೈಮೇಲೆ ಊದಿಸಿಕೊಂಡು ಬಂದಳು. ನೋವು ಜಗ್ಗಲಿಲ್ಲ.

ಕೊನೆಗೆ ಪಕ್ಕದ ಬೀದಿಯ ಮುನಿಯಕ್ಕ, ಮಕ್ಕಳ ಹೊಟ್ಟೆನೋವಿಗೆ ಬರೆಯೇ ಮದ್ದು ಎಂದಳು. ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಹೊಕ್ಕುಳ ಪಕ್ಕ ಚುರ್ ಎನ್ನಿಸಿದಳು. ಮಗಳ ಕಾಲು ಹಿಡಿದುಕೊಂಡಿದ್ದ ಬೈರಮ್ಮನೇ ಕಣ್ಣು ಮುಚ್ಚಿದಳು. ಕಮಲಿ ಹಲ್ಲು ಕಚ್ಚಿ ತಡೆದುಕೊಂಡಳು.

ಗಾಯಕ್ಕೆ ಲಂಗದ ಪಟ್ಟಿ ಉಜ್ಜೀತೆಂದು ಕೆಲವು ದಿನ ಸ್ಕೂಲಿಗೆ ಕಳಿಸಲಿಲ್ಲ. ಅಬ್ಬಾ, ಆಗ ಹುಡುಗಿಯ ಗೆಲುವೇನು! ಮುದ್ದೆ ಕೇಳಿ ಕೇಳಿ ತಿಂದಳು, ಕರುವಿನ ಹಿಂದೆ ಓಡಿದಳು. ಬೈರಮ್ಮ ಮುನಿಯಕ್ಕನ ಕೈಗುಣವನ್ನು ಊರಿಗೆಲ್ಲ ಡಂಗುರ ಹೊಡೆದಳು.

ಬರೆ ಒಣಗಿತು. ಸೋಮವಾರ ಬೆಳಗ್ಗೆ ಮತ್ತೆ ಯೂನಿಫಾರಂ ಹೊರಬಂತು. ಕಮಲಿ ಒಲೆಯ ಮುಂದೆ ಅಂಗಿ ಎತ್ತಿ ಹಿಡಿದು ನಿಂತಳು.

"ಅಮ್ಮಾ, ಇನ್ನೊಂದು ಬರೆ ಹಾಕ್ಸು. ಮಾಯೋವರ್ಗೂ ಸ್ಕೂಲಿಗೆ ಕಳ್ಸಲ್ಲ ಅಲ್ವಾ?"

ಬೈರಮ್ಮ ಅವಳನ್ನು ಬಳಿಗೆ ಎಳೆದುಕೊಂಡಳು. ತೊಡೆಯ ಮೇಲೆ ಕೂರಿಸಿಕೊಂಡು ಕೆದಕಿ ಕೇಳಿದ ಮೇಲೆ ಒಂದೊಂದೇ ಹೊರಬಿತ್ತು. ಹಳ್ಳಿ ಗುಗ್ಗು ಎನ್ನುತ್ತಾರಂತೆ. ಇವಳು ಪಕ್ಕ ಕೂತರೆ ಬೆಂಚು ಬಿಟ್ಟು ಏಳುತ್ತಾರಂತೆ. ಊಟದ ಹೊತ್ತಿಗೆ ಎಲ್ಲರೂ ದುಂಡಗೆ ಕೂರುತ್ತಾರಂತೆ, ಇವಳೊಬ್ಬಳೇ ನಲ್ಲಿಯ ಹತ್ತಿರ ನಿಂತು ಡಬ್ಬಿ ಖಾಲಿ ಮಾಡುತ್ತಾಳಂತೆ.

"ಅಲ್ಲಿ ನಿಂಗೆ ಅಂತ ಒಬ್ರೂ ಇಲ್ವೇನೇ?"

ಕಮಲಿ ಇಲ್ಲವೆಂದು ತಲೆಯಾಡಿಸಿದಳು.

ಥೂ ನನ್ನ ಜನ್ಮಕ್ಕೆ, ಇದಕ್ಕಾ ಮಗುವಿನ ಹೊಟ್ಟೆ ಸುಡಿಸಿದೆ ಎಂದು ಬೈರಮ್ಮ ಹಣೆ ಚಚ್ಚಿಕೊಂಡಳು. ಸ್ಕೂಲು ಬಿಡಿಸಿದರೆ ಮಗಳೂ ಸಗಣಿ ಬಾಚಬೇಕು, ಕಳಿಸಿದರೆ ಈ ಗತಿ. ಇದಕ್ಕೆ ಮದ್ದು ಮುನಿಯಕ್ಕನ ಬಳಿಯೂ ಇರಲಿಲ್ಲ, ಯಾವ ದೇವರ ಬಳಿಯೂ ಇರಲಿಲ್ಲ. ಮಗಳು ಇನ್ನೂ ಎತ್ತಿ ಹಿಡಿದಿದ್ದ ಅಂಗಿಯನ್ನು ಕೆಳಗಿಳಿಸಿದಳು. ಅಳುತ್ತಲೇ ಜಡೆ ಹೆಣೆದು ರಿಬ್ಬನ್ ಕಟ್ಟಿದಳು. ಬಸ್ಸಿಗೆ ಹೊತ್ತಾಗಿತ್ತು.