ಶನಿಗ್ರಹ ನೋಡಿದ ಮೇಲೆ ಬರೆದ ಪತ್ರ

ಮುಂಬಯಿಯ ಕಟ್ಟಡಗಳ ಅಂಗಳದಲ್ಲಿ ದೂರದರ್ಶಕ ನಿಲ್ಲಿಸಿ ಜನರಿಗೆ ಗ್ರಹಗಳನ್ನು ತೋರಿಸುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ವಿಕ್ರೋಳಿಯ ನನ್ನ ಮನೆಯಿಂದ ಅದನ್ನು ರಿಕ್ಷಾದಲ್ಲಿ, ಮಗುವನ್ನು ಕೂರಿಸಿಕೊಂಡಂತೆ ಮಡಿಲಿಗೆ ಆನಿಸಿಕೊಂಡು ಒಯ್ಯುತ್ತೇನೆ. ರಾಕೆಟ್ ಹಾರಿದ ದಿನ ಪೇಡೆ ಹಂಚುವ ನಗರ ವರ್ಷವಿಡೀ ಒಮ್ಮೆಯೂ ತಲೆಯೆತ್ತಿ ನೋಡುವುದಿಲ್ಲ, ಅದೊಂದು ತಪ್ಪು. ಬೆಳಗಿನ ಟಿವಿಯಲ್ಲಿ ಅದೇ ಗ್ರಹಗಳ ಹೆಸರು ಹೇಳಿ ಜನರನ್ನು ಹೆದರಿಸುತ್ತಾರೆ; ಅದು ಇನ್ನೂ ದೊಡ್ಡ ತಪ್ಪು. ಇವನ್ನೆಲ್ಲ ಬರೆದಿಡುವ ಅಭ್ಯಾಸ ನನ್ನದು.

ಆ ಅಭ್ಯಾಸ ನಾನು ಓದಿದ ಶಾಲೆಯದು. ಅಲ್ಲಿ ಪರೀಕ್ಷೆಗಳಿರಲಿಲ್ಲ, ಬೆತ್ತವಿರಲಿಲ್ಲ. ಪ್ರತಿ ಶುಕ್ರವಾರ ಚಾಪೆಯ ಮೇಲೆ ಸುತ್ತ ಕುಳಿತು, ಆ ವಾರ ಕಂಡ ಅನ್ಯಾಯವನ್ನು ಒಬ್ಬೊಬ್ಬರಾಗಿ ಹೇಳಬೇಕಿತ್ತು. ಅದಕ್ಕೊಂದು ನಿಯಮವಿತ್ತು. ತಪ್ಪು ಮಾಡಿದವರ ಹೆಸರು ಹೇಳಬಾರದು, ಅವರು ತಿದ್ದಿಕೊಳ್ಳಲು ಅವಕಾಶವಿರಬೇಕು. ಅನ್ಯಾಯಕ್ಕೆ ಒಳಗಾದವರ ಹೆಸರನ್ನು ಮಾತ್ರ ಹೇಳಲೇಬೇಕು, ಅವರು ಮರೆಯಾಗಬಾರದು. ಹತ್ತು ವರ್ಷ ಆ ಚಾಪೆಯ ಮೇಲೆ ಕುಳಿತವಳು ನಾನು.

ದೀಪಾವಳಿ ಮುಗಿದ ವಾರ ಚೆಂಬೂರಿನ ಒಂದು ಹೌಸಿಂಗ್ ಸೊಸೈಟಿಯವರು ಕರೆದರು. ಕಾರ್ಯದರ್ಶಿ ಉಡುಪಿ ಕಡೆಯವರು, ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಕತ್ತಲಾಗುತ್ತಿದ್ದಂತೆ ಶನಿಗ್ರಹ ಎರಡು ಟವರುಗಳ ನಡುವಿನ ಸಂದಿಯಲ್ಲಿ ಕಾಣಿಸಿಕೊಂಡಿತು. ಸಂದಿ ದಾಟಿದರೆ ಕಾಣುವುದಿಲ್ಲ. ನಮಗಿದ್ದದ್ದು ಒಂದು ಗಂಟೆ ಮಾತ್ರ.

"ಮೇಡಂ, ಈ ಶನಿಯನ್ನು ನೋಡಿದ್ರೆ ಎಂತ ಆಗುದಿಲ್ಲ ಅಲ್ವಾ?" ಎಂದು ಒಬ್ಬರು ಕೇಳಿದರು.

ನನಗಿಂತ ಮೊದಲೇ ಕಾರ್ಯದರ್ಶಿ ಉತ್ತರಿಸಿದರು: "ಏಳೂವರೆ ವರ್ಷದಿಂದ ಅವ ನನ್ನನ್ನು ನೋಡ್ತಾ ಇದ್ದಾನೆ ಮಾರಾಯ್ರೆ. ಇವತ್ತು ನಾನೂ ಒಮ್ಮೆ ಅವನನ್ನು ನೋಡಿ ಬಿಡ್ತೇನೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಾಲು ಎರಡಾಗಿತ್ತು. ಸದಸ್ಯರ ಸಾಲು ದೂರದರ್ಶಕದವರೆಗೆ ಬಂದಿತ್ತು; ಮನೆಗೆಲಸದವರು ನೀರಿನ ಟ್ಯಾಂಕಿನ ಬಳಿ ಗುಂಪಾಗಿ ನಿಂತಿದ್ದರು. ಹಾಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಆ ಕಟ್ಟಡದಲ್ಲಿ ಅವರಿಗೆ ಲಿಫ್ಟೂ ಬೇರೆ, ಚಹಾದ ಲೋಟವೂ ಬೇರೆ. ಗ್ರಹ ಟವರಿನ ಅಂಚಿಗೆ ಸರಿಯುತ್ತಿತ್ತು. ನಾನು ಟ್ಯಾಂಕಿನ ಬಳಿಗೆ ಹೋಗಿ ಮುಂದೆ ನಿಂತಿದ್ದ ಮಹಿಳೆಯ ಕೈ ಹಿಡಿದೆ. ಹೆಸರು, ಊರು ಕೇಳಿದೆ. ವಿಜಯಪುರದ ಕಡೆಯವರು; ಅದೇ ಕಟ್ಟಡದ ನಾಲ್ಕು ಮನೆಗಳಲ್ಲಿ ಅವರ ಕೆಲಸ.

"ಬ್ಯಾಡ್ರಿ ಅಕ್ಕಾರ, ಅವರದೆಲ್ಲಾ ಮುಗೀಲಿ. ನಾ ಆಮ್ಯಾಲ ನೋಡ್ತೀನ್ರಿ."

ಆಮೇಲೆ ಎಂಬುದು ಇರುವುದಿಲ್ಲ ಎಂದು ಹೇಳಿ ಅವರನ್ನು ಎಲ್ಲರ ಮುಂದೆ ಕರೆತಂದೆ. ಆಕಾಶ ಎಲ್ಲರದು ಎಂದು ನಾಲ್ಕು ಮಾತು ಆಡಿದೆ. ಅವರು ಬಗ್ಗಿ ಕಣ್ಣಿಟ್ಟರು, ಉಸಿರು ಹಿಡಿದರು.

"ಇದು ಖರೇನ ಮ್ಯಾಲ ಐತೇನ್ರಿ? ಒಳಗ ಚಿತ್ರ ಅಂಟಿಸೀರಿ ಮತ್ತ!"

ಖರೆ ಎಂದೆ. ಅವರು ಇನ್ನೊಮ್ಮೆ ನೋಡಿದರು. ಅವರು ಸರಿದ ಮೇಲೆ ಕಾರ್ಯದರ್ಶಿ ಜೇಬಿನಿಂದ ಕರವಸ್ತ್ರ ತೆಗೆದು, ಕಣ್ಣಿಡುವ ಗಾಜನ್ನು ಒರೆಸಿ, ನಂತರ ಬಗ್ಗಿದರು. ಅದಕ್ಕೂ ಮೊದಲು ನೋಡಿದ ಇಪ್ಪತ್ತು ಜನರಲ್ಲಿ ಯಾರ ನಂತರವೂ ಯಾರೂ ಒರೆಸಿರಲಿಲ್ಲ.

ಮರುದಿನ ಸೊಸೈಟಿಯ ಸಮಿತಿಗೆ ಪತ್ರ ಬರೆದೆ. ಎರಡು ಸಾಲು, ಎರಡು ಲಿಫ್ಟು, ಕರವಸ್ತ್ರ, ಒಂದನ್ನೂ ಬಿಡಲಿಲ್ಲ. ಒರೆಸಿದವರು ಯಾರೆಂದು ಬರೆಯಲಿಲ್ಲ. ಅವಮಾನಕ್ಕೊಳಗಾದ ಮಹಿಳೆಯ ಹೆಸರನ್ನೂ ಅವರು ಕೆಲಸ ಮಾಡುವ ಮನೆಗಳ ಸಂಖ್ಯೆಯನ್ನೂ ಸ್ಪಷ್ಟವಾಗಿ ಬರೆದೆ. ಪತ್ರ ಚೆನ್ನಾಗಿ ಬಂದಿದೆ ಎಂದು ನನಗೆ ಅನ್ನಿಸಿತು. ಎರಡು ಬಾರಿ ಓದಿಕೊಂಡೆ.

ಐದನೆಯ ದಿನ ಆ ಮಹಿಳೆ ನನ್ನ ಮನೆ ಹುಡುಕಿಕೊಂಡು ಬಂದರು. ಗೇಟಿನ ಆ್ಯಪ್‌ನಲ್ಲಿ ಅವರ ಪ್ರವೇಶವನ್ನು ರದ್ದು ಮಾಡಿದ್ದರು. ಕಾರಣ ಕೇಳಿದ್ದಕ್ಕೆ ಕಾವಲುಗಾರ 'ಕಂಪ್ಲೇಂಟ್ ಆಯಾ ಹೈ', ದೂರು ಬಂದಿದೆ, ಎಂದಷ್ಟೇ ಹೇಳಿದ್ದ. ನಾಲ್ಕು ಮನೆಗಳೂ ಒಮ್ಮೆಲೇ ಹೋಗಿದ್ದವು. ಪತ್ರದ ವಿಷಯ ಹೇಳಿ ನನ್ನ ವಿಳಾಸ ಕೊಟ್ಟವರು ಆ ಮನೆಗಳಲ್ಲೊಂದರವರು. ಕುರ್ಚಿ ತೋರಿಸಿದೆ, ಅವರು ಕೂರಲಿಲ್ಲ.

"ನನ್ನ ಹೆಸರ ಯಾಕ ಬರದ್ರಿ?"

ನಿಮಗೆ ಆದದ್ದು ಅನ್ಯಾಯ ಎಂದೆ. ಆತ ಒರೆಸಿದ್ದು ನಿಮಗೆ ಕಾಣಲಿಲ್ಲವೇ ಎಂದು ಕೇಳಿದೆ.

"ಕಂಡೈತ್ರಿ. ದಿನಾ ಕಾಣ್ತೈತಿ. ನಾ ಕೂತ ಮೆಟ್ಟಿಲ ಪಾವಟಿಗಿನೂ ಒರಸ್ತಾರ. ಹಂಗಂತ ನಾ ನಿಮಗೇನಾರ ಹೇಳಿದ್ನೇನು? ಬರೀರಿ ಅಂದಿದ್ನೇನು?"

ಕುರ್ಚಿಯನ್ನು ಮತ್ತೊಮ್ಮೆ ಅವರತ್ತ ಸರಿಸಿದೆ.

"ಮಂದಿ ಶನಿಕಾಟ ಅಂತಾರ. ಇದು ಶನೀದಲ್ಲ ಅಕ್ಕಾರ, ನಿಮ್ಮ ಕಾಟ."

ಕಾನೂನು, ಸಂಘಟನೆ, ದೂರು ಕೊಡಬಹುದಾದ ಕಚೇರಿಗಳು ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅದೆಲ್ಲಾ ಬಿಡ್ರಿ. ಹಂಗೇನೂ ಆಗಿಲ್ಲ ಅಂತ ಇನ್ನೊಂದ ಪತ್ರ ಬರೀರಿ. ನಾ ಇಲ್ಲೇ ನಿಂದರ್ತೀನಿ," ಎಂದರು.

ಬರೆದೆ. 'ಆ ಸಂಜೆ ಯಾವ ಭೇದಭಾವವೂ ನಡೆದಿಲ್ಲ. ನಾನು ತಪ್ಪಾಗಿ ಗ್ರಹಿಸಿದ್ದೆ. ನನ್ನ ಪತ್ರಕ್ಕೂ ಆ ಮಹಿಳೆಗೂ ಸಂಬಂಧವಿಲ್ಲ.' ಮೂರನೆಯ ವಾಕ್ಯ ಮಾತ್ರ ನಿಜ. ಅವರಿಗೆ ಓದಿ ಹೇಳಿದೆ. 'ಕ್ಷಮಿಸಿ' ಅಂತಲೂ ಸೇರಿಸಿ ಎಂದರು, ಸೇರಿಸಿದೆ. ಅವರೆದುರೇ ಕಳುಹಿಸಿದೆ. ಅವರು ಹೋದ ಮೇಲೆ ನಾಚಿಕೆ ಬರಬಹುದೆಂದು, ಇಲ್ಲವೇ ಸಿಟ್ಟಾದರೂ ಬರಬಹುದೆಂದು ಕುರ್ಚಿಯಲ್ಲಿ ಕುಳಿತಿದ್ದೆ. ಏನೂ ಬರಲಿಲ್ಲ. ಎದ್ದು ಅಕ್ಕಿ ತೊಳೆದಿಟ್ಟೆ.

ಎರಡು ದಿನ ಬಿಟ್ಟು ಕಾರ್ಯದರ್ಶಿಗಳು ಫೋನ್ ಮಾಡಿದರು. "ಎಂತ ಮೇಡಂ, ಅಷ್ಟಕ್ಕೆಲ್ಲ ಪತ್ರ ಬರೀತಾರಾ? ಆ ಕೆಲಸದ ಬಾಯಿಯನ್ನು ಒಳಗೆ ಬಿಡ್ಲಿಕ್ಕೆ ಹೇಳಿದ್ದೇನೆ. ಮೂರು ಮನೆಯವರು ತಗೊಂಡ್ರು, ಒಬ್ರು ಬೇರೆಯವರನ್ನು ಇಟ್ಕೊಂಡಾಯ್ತು. ಮುಂದಿನ ತಿಂಗಳು ಗುರು ಕಾಣ್ತದಂತೆ ಅಲ್ವಾ? ಬನ್ನಿ, ಬೇಸರ ಇಟ್ಕೊಳ್ಬೇಡಿ."

ನಾಲ್ಕನೆಯ ಮನೆಯನ್ನು ಕಳೆದುಕೊಂಡ ಆ ಮಹಿಳೆಗೆ ಫೋನ್ ಮಾಡಿ, ಹೋಗಲೋ ಬೇಡವೋ ಎಂದು ಕೇಳಿದೆ. "ಹೋಗ್ರಿ. ನೀವು ಬರ್ಲಿಲ್ಲಂದ್ರ ಅಕ್ಕಾರಿಗೆ ಇನ್ನೂ ಸಿಟ್ಟೈತಿ ಅಂತ ನನ್ನ ಮ್ಯಾಲೇ ಬರ್ತೈತಿ," ಎಂದು ಇಟ್ಟುಬಿಟ್ಟರು.

ಲಿಫ್ಟಿನ ಪಕ್ಕ ಸೂಚನೆ ಅಂಟಿಸಿದ್ದರು: ಗುರುಗ್ರಹ ವೀಕ್ಷಣೆ, ಸದಸ್ಯರಿಗೆ ಮಾತ್ರ. ಇಂಥ ಸೂಚನೆ ಕಂಡ ಎಷ್ಟೋ ಕಡೆಗಳಿಂದ ನಾನು ದೂರದರ್ಶಕ ಎತ್ತಿಕೊಂಡು ಹಿಂತಿರುಗಿದ್ದೆ. ಗೋರೆಗಾಂವಿನಿಂದ ಒಮ್ಮೆ ವಾದ ಮಾಡಿ ಬಂದಿದ್ದೆ. ಅಂದು ಮುಕ್ಕಾಲಿಯನ್ನು ಬಿಡಿಸಿ ನಿಲ್ಲಿಸಿದೆ. ಸಾಲು ಒಂದೇ ಇತ್ತು. ಟ್ಯಾಂಕಿನ ಬಳಿ ಯಾರೂ ಇರಲಿಲ್ಲ.

ಏಳೂವರೆಯ ಹೊತ್ತಿಗೆ ಆ ಮಹಿಳೆ ಕೆಲಸ ಮುಗಿಸಿ ಹಿಂದಿನ ಮೆಟ್ಟಿಲುಗಳಿಂದ ಇಳಿದು ಬಂದರು. ನಮ್ಮ ಕಡೆ ನೋಡದೆ ಗೇಟಿಗೆ ಹೋದರು. ಕಾವಲುಗಾರ ಅವರ ಚೀಲ ತೆರೆಸಿ, ಒಳಗೆ ಕೈಯಾಡಿಸಿ, ಹೋಗು ಎಂದ. ಅದೂ ತಪ್ಪೇ. ದೂರದರ್ಶಕಕ್ಕೆ ಕಣ್ಣಿಟ್ಟಿದ್ದವರು ಗುರುವಿನ ನಾಲ್ಕು ಚಂದ್ರರಲ್ಲಿ ಮೂರೇ ಕಾಣುತ್ತಿವೆ ಎಂದರು. ನಾಲ್ಕನೆಯದು ಗ್ರಹಕ್ಕೆ ತೀರ ಹತ್ತಿರವಿದೆ, ನಿಧಾನವಾಗಿ ನೋಡಿ ಎಂದು ನಾನು ಹೇಳಿದೆ.