ಸಾಹೇಬರು ಬಂದಾಗ ಎದ್ದು ನಿಂತದ್ದು

ಅಪ್ಪೂ, ಚಿನ್ನವ್ವಾ, ನಿಮ್ಮ ಆಯಿ ಕಂಪ್ಯೂಟರಿನ ಮುಂದೆ ಕೂತು ಪಗಾರ ತಂದವಳು ಎಂದರೆ ನೀವು ನಂಬುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಆ ಮಾತನ್ನು ನಾನೇ ಮನೆಯಲ್ಲಿ ಎತ್ತಿಲ್ಲ. ಎತ್ತಿದರೆ ಒಂದು ಸಂಗತಿ ನಡುವೆ ಬಂದೇ ಬರುತ್ತದೆ, ಅದು ನೆನಪಾದ ಕೂಡಲೇ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತವೆ. ನಿಮ್ಮ ಅವ್ವನಿಗೆ ಅದರಲ್ಲಿ ಅರ್ಧ ಗೊತ್ತು. ಬಾಯಿಂದ ಹೇಳಲು ನನಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ತೊರಗಲ್ಲಿನ ಕೋಟೆಯ ಕೆಳಗಿನ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು. ಲಗ್ನವಾಗಿ ಸವದತ್ತಿಗೆ ಬಂದೆ. ಈ ಮನೆಯಲ್ಲಿ ನಾನು ಮೊದಲು ಕಲಿತದ್ದು ಏಳುವುದನ್ನು. ನಮ್ಮ ಮಾವನವರು ಹೊರಗಿನಿಂದ ಬಂದಾಗ ಬಾಗಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದರು. ನೆಗಡಿಯ ಕೆಮ್ಮಲ್ಲ, ತಾವು ಬಂದೆವೆಂದು ತಿಳಿಸುವ ಕೆಮ್ಮು. ಅದು ಕೇಳಿದ್ದೇ ಪಡಸಾಲೆಯಲ್ಲಿ ಕೂತ ಹೆಂಗಸರು ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು ಮರೆಗೆ ಸರಿಯಬೇಕು. ಹೊಸದರಲ್ಲಿ ಒಮ್ಮೆ ನಾನು ಏಳುವುದು ತಡವಾಗಿ, ಅತ್ತೆಯವರು ಕಣ್ಣಿನಲ್ಲೇ ಬೈದಿದ್ದರು. ಆಮೇಲೆ ಎಂದೂ ತಡವಾಗಲಿಲ್ಲ. ಮಾವನವರು ತೀರಿಕೊಂಡ ಮೇಲೂ ಯಾರಾದರೂ ಕೆಮ್ಮಿದರೆ ನನ್ನ ಕಾಲು ತಾವೇ ಏಳುತ್ತಿದ್ದವು.

ನಿಮ್ಮ ಅಜ್ಜ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಾರಕೂನರಾಗಿದ್ದರು. ಸಂಘದ ದೊಡ್ಡ ಆಫೀಸು ಬೈಲಹೊಂಗಲದಲ್ಲಿ. ಶಾಖೆಗಳು ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ. ಅವರು ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಕನ್ನಡ ಸಾಲೆಯಲ್ಲಿದ್ದಳು. ಸಂಘದವರು ಕನಿಕರದಿಂದ ನನ್ನನ್ನು ಸವದತ್ತಿಯ ಶಾಖೆಗೇ ತೆಗೆದುಕೊಂಡರು. ಮೊದಲಿಗೆ ಕಾಗದಗಳಿಗೆ ಶಿಕ್ಕಾ ಹೊಡೆಯುವುದು, ಬಂದವರಿಗೆ ನೀರು ಕೊಡುವುದು ಅಷ್ಟೇ ಕೆಲಸ. ಕಂಪ್ಯೂಟರು ಬಂದಾಗ ನಮ್ಮ ಮ್ಯಾನೇಜರರು ಅದರ ಎದುರು ಕೂರಲು ಹಿಂಜರಿದರು. ಅವರು ಐವತ್ತು ದಾಟಿದವರು, ದೊಡ್ಡ ದನಿಯವರು, ಮನಸ್ಸು ಒಳ್ಳೆಯದು. ಬಾಯಾರ, ನಿಮಗ ತಾಳ್ಮಿ ಐತಿ, ನೀವಽ ಕುಂದರ್ರಿ ಎಂದು ನನ್ನನ್ನು ಕೂರಿಸಿದರು. ಅಕ್ಷರ ಹುಡುಕಿ ಹುಡುಕಿ ಒತ್ತುತ್ತಾ ಆರು ತಿಂಗಳಿಗೆ ಕೈ ಕೂತಿತು. ನನಗೆ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಆ ಕಾಲದಲ್ಲಿ ಕಂಪ್ಯೂಟರು ಕೆಟ್ಟರೆ ಬೈಲಹೊಂಗಲಕ್ಕೆ ಒಯ್ಯಬೇಕಿತ್ತು. ಅದರ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುವುದು. ರಾಮದುರ್ಗದವರದು ಇನ್ನೂ ಫಜೀತಿ, ಯರಗಟ್ಟಿಯಲ್ಲಿ ಇಳಿದು, ಗದ್ದಲದಲ್ಲಿ ಪೆಟ್ಟಿಗೆ ಎತ್ತಿಕೊಂಡು ಬೇರೆ ಬಸ್ಸು ಹತ್ತಬೇಕು. ಒಮ್ಮೆ ನಾನೂ ಒಯ್ದಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಕೂಸು ಮಲಗಿದೆ ಎಂದುಕೊಂಡು ಮೆಲ್ಲಗೆ ಮಾತಾಡುತ್ತಿದ್ದಳು. ಪೆಟ್ಟಿಗೆ ಹೋದ ಮೇಲೆ ಎಂಟು ಹತ್ತು ದಿನ ಶಾಖೆಯಲ್ಲಿ ಕೆಲಸವಿಲ್ಲ, ಬಂದ ಮಂದಿ ಬೈದು ಹೋಗುವರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಟೆಲಿಫೋನಿನ ತಂತಿಯ ಮೇಲೆಯೇ ಬೈಲಹೊಂಗಲದವರು ನಮ್ಮ ಕಂಪ್ಯೂಟರಿನ ಒಳಗೆ ಬಂದು ರಿಪೇರಿ ಮಾಡುವ ವ್ಯವಸ್ಥೆ ಆಯಿತು. ಅಲ್ಲಿ ಕೂತು ಇಲ್ಲಿಯದನ್ನು ನೋಡುವುದು, ನಡೆಸುವುದು. ಅದನ್ನು ತಿಳಿಸಲು ಎಲ್ಲ ಶಾಖೆಯವರನ್ನು ಕರೆದಿದ್ದರು. ಗಂಡಸರು ಮುಂದೆ ಕೂತಿದ್ದರು, ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ, ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ರಿಪೇರಿ ಮಾಡುವ ಕಂಪ್ಯೂಟರ್ ಸಾಹೇಬರು ಒಳಗೆ ಬರುವ ಮೊದಲು ಪರದೆಯ ಮೇಲೆ ಒಂದು ಚೌಕಟ್ಟು ಮೂಡುತ್ತದೆ, ಅದರಲ್ಲಿ ‘ಹೌದು’ ಎನ್ನುವುದನ್ನು ಒತ್ತಬೇಕು ಎಂದದ್ದು ಕಿವಿಗೆ ಬಿತ್ತು. ಆದರೆ ಅದು ಮ್ಯಾನೇಜರರು ಒತ್ತುವಂಥದು ಎಂದುಕೊಂಡೆ. ದೊಡ್ಡ ಆಫೀಸಿನ ಸಾಹೇಬರಿಗೆ ಒಳಗೆ ಬನ್ನಿ ಎಂದು ಅಪ್ಪಣೆ ಕೊಡಲು ನಾನು ಯಾರು?

ಮೊದಲ ಎರಡು ಸಲ ಮ್ಯಾನೇಜರರೇ ಒತ್ತಿದರು. ಪರದೆಯ ಮೇಲಿನ ಬಾಣದ ಗುರುತು ಯಾರೂ ಮುಟ್ಟದೆ ಅತ್ತ ಇತ್ತ ಓಡಾಡತೊಡಗಿತು. ಒಬ್ಬ ಪರಗಂಡಸು ನನ್ನ ಖುರ್ಚಿಯಲ್ಲಿ ಬಂದು ಕೂತ ಹಾಗೆ ಅನಿಸಿತು. ನಾನು ಎದ್ದು ಕಪಾಟಿನ ಪಕ್ಕಕ್ಕೆ ಸರಿದೆ. ಮ್ಯಾನೇಜರರು ಅದನ್ನು ಗಮನಿಸಲಿಲ್ಲ.

ಆಮೇಲೆ ಸಾಲ ವಸೂಲಿಯ ಕಾಲ ಬಂದು, ಅವರು ಮುಂಜಾನೆ ಸ್ವಲ್ಪ ಹೊತ್ತು ಕೂತು ಹಳ್ಳಿಗಳಿಗೆ ಹೋದ ಮೇಲೆ ನಾನೊಬ್ಬಳೇ ಇರುತ್ತಿದ್ದೆ. ಬೈಲಹೊಂಗಲದಿಂದ ಫೋನು ಬರುವುದು, ಸಾಹೇಬರು ಈಗ ಬರುತ್ತಾರೆ ಎನ್ನುವರು, ನಾನು ಹೂಂ ರೀ ಎನ್ನುವೆ. ಪರದೆಯ ಮೇಲೆ ಆ ಚೌಕಟ್ಟು ಮೂಡುವುದು. ನನಗೆ ಅದು ಮಾವನವರ ಕೆಮ್ಮಿನ ಹಾಗೇ ಕಂಡಿತು. ಎದ್ದೆ, ಸೆರಗು ಎಳೆದುಕೊಂಡೆ, ಕಪಾಟಿನ ಮರೆಗೆ ಹೋಗಿ ಪರದೆಗೆ ಬೆನ್ನು ಮಾಡಿ ನಿಂತೆ. ಸಾಹೇಬರು ತಮ್ಮ ಕೆಲಸ ಮುಗಿಸಿಕೊಂಡು ಹೋಗಲಿ ಎಂದು ಸುಮಾರು ಹೊತ್ತು ಬಿಟ್ಟು ಬಂದು ಕೂರುತ್ತಿದ್ದೆ. ಚೌಕಟ್ಟು ಇರುತ್ತಿರಲಿಲ್ಲ. ಬಂದು ಹೋದರು ಎಂದುಕೊಳ್ಳುತ್ತಿದ್ದೆ. ಅದು ಸ್ವಲ್ಪ ಹೊತ್ತು ಕಾದು, ಯಾರೂ ಒತ್ತದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ ಎಂದು ನನಗೇನು ಗೊತ್ತು? ಮತ್ತೆ ಫೋನು ಬರುವುದು, ಎದುರಿಗೇ ಇದ್ದೀರಾ ಎಂದು ಕೇಳುವರು. ಪರಗಂಡಸರ ಜೊತೆ ಫೋನಿನಲ್ಲಿ ಮಾತು ಬೆಳೆಸುವ ಧೈರ್ಯ ಇಲ್ಲದೆ ಎಲ್ಲದಕ್ಕೂ ಹೂಂ ರೀ ಎನ್ನುತ್ತಿದ್ದೆ.

ಹೀಗಾಗಿ ಕಿತ್ತೂರು, ರಾಮದುರ್ಗದಲ್ಲಿ ಸರಿಯಾಗಿ ನಡೆದದ್ದು ಸವದತ್ತಿಯಲ್ಲಿ ನಡೆಯಲಿಲ್ಲ. ದಿನದ ಲೆಕ್ಕ ಮುಗಿಯದೆ ನಿಂತು ಬಿಡುವುದು. ಸವದತ್ತಿಯ ಲೈನು ಸರಿಯಿಲ್ಲ ಎಂದು ಬೈಲಹೊಂಗಲದಲ್ಲಿ ತೀರ್ಮಾನವಾಯಿತು. ಒಂದು ದಿನ ಮ್ಯಾನೇಜರರು ನನ್ನನ್ನು ಕರೆದು, ಇಲ್ಲಿಯ ಕಂಪ್ಯೂಟರು ಬೈಲಹೊಂಗಲಕ್ಕೆ ಹೋಗುತ್ತದೆ, ಅದರ ಜೊತೆ ನಿಮ್ಮ ಕೆಲಸವೂ ಅಲ್ಲಿಗೇ, ಮುಂದಿನ ತಿಂಗಳಿಂದ ದಿನಾ ಬಸ್ಸಿಗೆ ಹೋಗಬೇಕಾಗುತ್ತದೆ ಎಂದರು.

ಆ ವರ್ಷ ಅತ್ತೆಯವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ನಿಮ್ಮ ಅವ್ವ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ನಮ್ಮ ಮನೆ ಶಾಖೆಯಿಂದ ಎರಡು ಓಣಿ ಆಚೆ. ಮಧ್ಯಾಹ್ನ ನಾನು ಓಡಿ ಹೋಗಿ ಅವರನ್ನು ಎತ್ತಿ ಕೂರಿಸಿ, ಗಂಜಿ ಕುಡಿಸಿ, ಬಟ್ಟೆ ಬದಲಿಸಿ ಬರುತ್ತಿದ್ದೆ. ಬೈಲಹೊಂಗಲಕ್ಕೆ ಹೋದರೆ ಮುಂಜಾನೆಯಿಂದ ದೀಪ ಹಚ್ಚುವ ತನಕ ಅವರು ಒದ್ದೆ ಹಾಸಿಗೆಯಲ್ಲೇ ಇರಬೇಕು. ನೌಕರಿ ಬಿಟ್ಟರೆ ನಿಮ್ಮ ಅವ್ವನ ಓದು ನಿಲ್ಲುತ್ತದೆ. ಅತ್ತೆಯವರ ಮುಂದೆ ಏನನ್ನೂ ಹೇಳದೆ ನಾಲ್ಕು ದಿನ ಕಳೆದೆ.

ಪೆಟ್ಟಿಗೆ ಒಯ್ಯಲು ಬೈಲಹೊಂಗಲದಿಂದ ಕಂಪ್ಯೂಟರ್ ಸಾಹೇಬರೇ ಬಂದರು. ಇಷ್ಟು ದಿನ ನಾನು ಯಾರಿಗಾಗಿ ಸೆರಗು ಹೊದ್ದು ನಿಂತಿದ್ದೆನೋ ಅವರನ್ನು ಅವತ್ತೇ ಮೊದಲು ನೋಡಿದ್ದು. ನನ್ನ ತಮ್ಮನಿಗಿಂತ ಚಿಕ್ಕ ವಯಸ್ಸು, ತೆಳ್ಳಗಿನ ಮೀಸೆ. ತಂತಿ ಬಿಚ್ಚುವ ಮೊದಲು ಕಡೆಯ ಸಲ ನೋಡೋಣ ಎಂದು ಬೈಲಹೊಂಗಲದಲ್ಲಿದ್ದ ತಮ್ಮ ಜೊತೆಯವರಿಗೆ ಫೋನು ಮಾಡಿ ಒಳಗೆ ಬರಲು ಹೇಳಿದರು. ನನ್ನ ಕಡೆ ತಿರುಗಿ, ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿರಿ ಎಂದರು.

ಚೌಕಟ್ಟು ಮೂಡಿತು. ನಾನು ಎದ್ದೆ. ಸೆರಗು ಎಳೆದುಕೊಂಡು ಕಪಾಟಿನ ಕಡೆ ಹೊರಟೆ.

“ಅಕ್ಕಾರ, ಎಲ್ಲಿ ಹೊಂಟ್ರಿ?”

“ಸಾಹೇಬ್ರು ಬಂದ್ರಲ್ರಿ.”

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಮ್ಯಾನೇಜರರು ಮೇಜಿಗೆ ಹಣೆ ಹಚ್ಚಿ ನಕ್ಕರು. “ಅಲ್ರೀ ಬಾಯಾರ, ಅಂವಾ ಕುಂತಿರೂದು ಬೈಲಹೊಂಗಲದಾಗ. ಇಲ್ಲಿ ನೀವು ಸೆರಗು ಹೊತ್ತರ ಅಂವಗೇನ ಕಾಣತೈತಿ? ನಾ ದಿನಾ ಎದುರಿಗೆ ಕುಂತಿರತೇನಿ, ನನಗ ಒಂದ ದಿನಾನೂ ಎದ್ದಿಲ್ಲ.” ಸಾಲದ ಕಂತು ತುಂಬಲು ಬಂದಿದ್ದ ಇಬ್ಬರು ಮುದುಕರು ಏನಾಯಿತೆಂದು ಕೇಳಿದರು. ಮ್ಯಾನೇಜರರು ಅವರಿಗೂ ಹೇಳಿದರು. ಅವರೂ ನಕ್ಕರು.

ನಾನು ಕಪಾಟಿನ ಹತ್ತಿರವೇ ನಿಂತಿದ್ದೆ. ಕೈಬೆರಳಿಗೆ ಸೆರಗಿನ ತುದಿ ಸುತ್ತುತ್ತಾ ನೆಲ ನೋಡುತ್ತಿದ್ದೆ. ಪರಶಿ ಕಲ್ಲುಗಳ ನಡುವಿನ ಸಂದಿಯಲ್ಲಿ ಇಳಿದು ಹೋಗಬಾರದೇ ಅನಿಸಿತು.

ಕಂಪ್ಯೂಟರ್ ಸಾಹೇಬರು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ಅವರು ದನಿ ತಗ್ಗಿಸಿ, ನಿಮ್ಮ ಹೆಸರು ಬರುವುದು ಬೇಡ, ಲೈನೇ ಕೆಟ್ಟಿದೆ ಎಂದು ಸಂಘದ ಅಧ್ಯಕ್ಷರಿಗೆ ಹೇಳುತ್ತೇನೆ ಎಂದರು. ಒಂದು ಗಳಿಗೆ ನನಗೆ ಜೀವ ಬಂದ ಹಾಗಾಯಿತು. ಮರುಗಳಿಗೆಗೆ ಗೊತ್ತಾಯಿತು, ಲೈನು ಕೆಟ್ಟಿದ್ದರೆ ಪೆಟ್ಟಿಗೆ ಹೋಗಲೇಬೇಕು. ಪೆಟ್ಟಿಗೆ ಹೋದರೆ ನಾನೂ ಹೋಗಬೇಕು. ಗೋಡೆಯ ಗಡಿಯಾರದಲ್ಲಿ ಆಗಲೇ ಗಂಜಿಯ ಹೊತ್ತಾಗುತ್ತಿತ್ತು.

“ಖರೇ ಹೇಳ್ರಿ,” ಎಂದೆ. “ಲೈನ್ ಚಲೋ ಐತಿ, ನಾನಽ ಎದ್ದ ನಿಂತಿದ್ದೆ ಅಂತ ಹೇಳ್ರಿ.”

ಅವರು ನನ್ನೆದುರೇ ಅಧ್ಯಕ್ಷರಿಗೆ ಫೋನು ಮಾಡಿದರು. ಹೇಳಿ ಮುಗಿಸುವ ಮೊದಲೇ ಆ ಕಡೆಯ ನಗು ರಿಸೀವರಿನಿಂದ ಹೊರಗೆ ಬಂತು. ಒಬ್ಬರದಲ್ಲ, ಕೋಣೆಯಲ್ಲಿದ್ದವರೆಲ್ಲರದು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಾ ಎಂದರಂತೆ.

ಆಮೇಲೆ ಸಾಹೇಬರು ನನ್ನನ್ನು ಖುರ್ಚಿಯಲ್ಲಿ ಕೂರಿಸಿದರು. ಚೌಕಟ್ಟು ಮತ್ತೆ ಮೂಡಿತು. ಕಾಲು ಏಳುತ್ತಿದ್ದವು, ಮೊಣಕಾಲ ಮೇಲೆ ಎಡಗೈ ಒತ್ತಿ ಹಿಡಿದು, ಬಲಗೈಯಿಂದ ‘ಹೌದು’ ಒತ್ತಿದೆ. ಬಾಣ ಓಡಾಡಿತು. ಎಷ್ಟೋ ದಿನದಿಂದ ನಿಂತಿದ್ದ ಲೆಕ್ಕ ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು.

ಆ ಸಂಜೆ ಅತ್ತೆಯವರಿಗೆ ಹೇಳಲೇಬೇಕಾಯಿತು, ಊರೇ ಹೇಳುವುದರಲ್ಲಿತ್ತು. ಅವರು ಕಣ್ಣು ಮುಚ್ಚಿಕೊಂಡು ಕೇಳಿ, “ಅಂವಾ ವಯಸ್ಸಾದಾಂವನೇನ?” ಎಂದರು.

“ಇಲ್ರೀ, ಸಣ್ಣಾಂವ.”

“ಮತ್ತ ಯಾಕ ಎದ್ದಿ? ಹಿರ್ಯಾರಿಗೆ ಏಳು ಅಂದಿದ್ದೆ. ಹುಡುಗೂರಿಗೆ ಏಳು ಅಂದಿದ್ದೆನೇನ?”

ನಾನು ಅವರ ಹೊದಿಕೆ ಸರಿಪಡಿಸಿದೆ. ಅವರೇ, “ನಕ್ಕರ ನಗಲಿ ಬಿಡು. ನಾಳೆ ಮಧ್ಯಾಹ್ನ ಬರ್ತೀಯಲ್ಲ?” ಎಂದರು. ಬರುತ್ತೇನೆ ಎಂದೆ.

ಮರುವರ್ಷ ಬೈಲಹೊಂಗಲದಲ್ಲಿ ಮತ್ತೆ ಎಲ್ಲರನ್ನೂ ಕೂಡಿಸಿದರು. ಈಗ ಶಾಖೆಗಳ ಕಂಪ್ಯೂಟರೇ ಶಾಖೆಯಲ್ಲಿ ಇರುವುದಿಲ್ಲವಂತೆ. ಬೈಲಹೊಂಗಲದ ಒಂದು ದೊಡ್ಡ ಯಂತ್ರದ ಒಳಗೆ ನಮ್ಮ ಎಲ್ಲರ ಕಂಪ್ಯೂಟರುಗಳೂ ಬೇರೆ ಬೇರೆಯಾಗಿ ಇರುತ್ತವೆ, ನಮ್ಮ ಮೇಜಿನ ಮೇಲೆ ಪರದೆ ಮತ್ತು ಚಿಕ್ಕದೊಂದು ಪೆಟ್ಟಿಗೆ ಅಷ್ಟೇ. ಯಾರಿಗೂ ತಲೆಗೆ ಹೋಗಲಿಲ್ಲ. ಕಂಪ್ಯೂಟರ್ ಸಾಹೇಬರು ಹೇಳಿದರು: “ಒಂದ ವಾಡೇದಾಗ ನಾಕ ಮಂದಿ ಅಣ್ಣತಮ್ಮರು ಬ್ಯಾರೆ ಆದಂಗ ತಿಳೀರಿ. ಮಾಳಿಗಿ ಒಂದ, ಒಲಿ ನಾಕ. ಒಬ್ಬರ ಒಲಿ ಹೊಗಿ ಇನ್ನೊಬ್ಬರ ಕಣ್ಣಿಗೆ ಬರೂದಿಲ್ಲ.” ಜಗಳ ಬರುವುದಿಲ್ಲವೇ ಎಂದು ಯಾರೋ ಕೇಳಿದರು. ನಡುವೆ ಗೋಡೆ ಇದೆ ಎಂದರು. ನನಗೆ ಚೆನ್ನಾಗಿ ತಿಳಿಯಿತು, ಮೊದಲ ಸಲ ಒಂದು ಪ್ರಶ್ನೆ ಕೇಳಬೇಕು ಎಂದೂ ಅನಿಸಿತು. ಅಷ್ಟರಲ್ಲಿ ಅಧ್ಯಕ್ಷರು ಎದ್ದು ನಿಂತು, ನಮ್ಮ ಸವದತ್ತಿಯ ಬಾಯಾರ ಕಥೆ ಕೇಳಿದ್ದೀರಲ್ಲ ಎಂದು ಶುರು ಮಾಡಿದರು. ನಡೆದು ತೋರಿಸಿದರು, ಹೆಗಲ ಮೇಲಿನ ವಸ್ತ್ರದ ತುದಿಯನ್ನು ತಲೆಯ ಮೇಲೆ ಎಳೆದುಕೊಂಡೂ ತೋರಿಸಿದರು. ಸಭೆಯೆಲ್ಲ ಹಿಂದೆ ತಿರುಗಿ ನನ್ನನ್ನು ನೋಡಿತು. ನನ್ನ ಪ್ರಶ್ನೆ ಅಲ್ಲೇ ಉಳಿಯಿತು.

ಊಟದ ಹೊತ್ತಿಗೆ ರಾಮದುರ್ಗದ ಶಾಖೆಯ ಹೆಂಗಸೊಬ್ಬಳು ಪಕ್ಕದಲ್ಲಿ ಬಂದು ಕೂತಳು. ರೊಟ್ಟಿ ಮುರಿಯುತ್ತಾ, ಯಾರಿಗೂ ಕೇಳದ ಹಾಗೆ, “ನಾನೂ ಏಳತಿದ್ದೆರೀ ಅಕ್ಕಾರ,” ಎಂದಳು. “ಒತ್ತಿ ಏಳತಿದ್ದೆ.”

ಅದನ್ನು ಕೇಳಿ ನನಗೆ ಸಮಾಧಾನ ಆಗಲಿಲ್ಲ. ಒತ್ತಿ ಏಳುವಷ್ಟು ಬುದ್ಧಿ ನನಗೇಕೆ ಬರಲಿಲ್ಲ ಎಂದು ಇನ್ನೊಂದು ನಾಚಿಕೆ ಸೇರಿಕೊಂಡಿತು.

ಆ ವ್ಯವಸ್ಥೆಯಿಂದ ಒಳ್ಳೆಯದು ಬಹಳ ಆಯಿತು, ಅದನ್ನೂ ಹೇಳಬೇಕು. ಕಿತ್ತೂರಿನಲ್ಲಿ ಸಿಡಿಲು ಬಡಿದು ಮೇಜಿನ ಮೇಲಿನ ಚಿಕ್ಕ ಪೆಟ್ಟಿಗೆ ಸುಟ್ಟಾಗ, ಬೇರೆ ಪೆಟ್ಟಿಗೆ ಇಟ್ಟು ತಂತಿ ಜೋಡಿಸಿದ್ದೇ ಬಿಟ್ಟಲ್ಲಿಂದ ಕೆಲಸ ನಡೆಯಿತು. ಸುಟ್ಟದ್ದು ಬರೀ ಬಾಗಿಲು, ಮನೆ ಬೈಲಹೊಂಗಲದಲ್ಲಿ ಭದ್ರವಾಗಿತ್ತು. ಕೌದಿಯಲ್ಲಿ ಪೆಟ್ಟಿಗೆ ಸುತ್ತಿ ಬಸ್ಸು ಹತ್ತುವುದು ಎಲ್ಲರಿಗೂ ತಪ್ಪಿತು. ನಾನು ಮೂರು ವರ್ಷ ದಿನಾ ಮಧ್ಯಾಹ್ನ ಮನೆಗೆ ಹೋದೆ.

ಅತ್ತೆಯವರು ಹೋದದ್ದೂ ಮಧ್ಯಾಹ್ನವೇ. ಗಂಜಿ ಕುಡಿಸುತ್ತಿದ್ದೆ, ಎರಡು ಗುಟುಕು ಒಳಗೆ ಹೋಯಿತು, ಮೂರನೆಯದು ತುಟಿಯಿಂದ ಇಳಿಯಿತು. ತಲೆ ನನ್ನ ತೋಳಿನ ಮೇಲಿತ್ತು. ವಿಭೂತಿ ಹಚ್ಚಿದೆ, ಬಾಯಿಗೆ ನೀರು ಬಿಟ್ಟೆ. ಶಾಖೆಯಲ್ಲಿ ನಾನು ಅರ್ಧಕ್ಕೆ ಬಿಟ್ಟು ಬಂದಿದ್ದ ಕೆಲಸವನ್ನು ಬೈಲಹೊಂಗಲದ ಸಾಹೇಬರು ಅಲ್ಲಿಂದಲೇ ಒಳಗೆ ಬಂದು ಮುಗಿಸಿದರು ಎಂದು ಮ್ಯಾನೇಜರರು ಮಣ್ಣಿಗೆ ಬಂದಾಗ ಹೇಳಿದರು. ನಾನು ಅವತ್ತು ಬೈಲಹೊಂಗಲದಲ್ಲಿ ಇದ್ದಿದ್ದರೆ, ಬಸ್ಸು ಇಳಿದು ಓಣಿಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಮಂದಿ ಕೂಡಿರುತ್ತಿದ್ದರು.

ಇಷ್ಟಾದರೂ ಆ ನಾಚಿಕೆ ಹೋಗಲಿಲ್ಲ ಮಕ್ಕಳೇ. ನಿವೃತ್ತಿಯ ದಿನ ಹಾರ ಹಾಕುವಾಗಲೂ ಯಾರೋ ಅದನ್ನೇ ನೆನೆಸಿ ನಕ್ಕರು, ನಾನು ಹಾರದೊಳಗೆ ಮುಖ ಇಳಿಸಿದೆ. ನೀವೂ ನಗುತ್ತೀರಿ, ನಗಿರಿ. ಆದರೆ ಈ ಹಾಳೆಗಳ ಫೋಟೋ ತೆಗೆದು ನಿಮ್ಮ ಫೋನಿನಲ್ಲಿ ಊರಿಗೆಲ್ಲ ಕಳಿಸಬೇಡಿರಿ. ನಿಮ್ಮ ಅವ್ವನ ಟ್ರಂಕಿನಲ್ಲಿ ಅವಳ ಲಗ್ನದ ಇಳಕಲ್ ಸೀರೆ ಇದೆ, ಅದರ ಮಡಿಕೆಯೊಳಗೆ ನುಸಿಗುಳಿಗೆ ಹಾಕಿ ಇಡಿರಿ. ಇಲಿ ಕಡಿಯದ ಹಾಗೆ, ಮಳೆ ತಾಗದ ಹಾಗೆ ನೋಡಿಕೊಳ್ಳಿರಿ.